ಆರ್‌ಎಚ್ ನೆಗೆಟಿವ್ ರಕ್ತದವರು ರಾಜವಂಶಸ್ಥರೇ?

ಪ್ರಶ್ನೆ (ಕರಾವಳಿಯ ಓದುಗ):
ನನ್ನ ರಕ್ತದ ಗುಂಪು ಒ ನೆಗೆಟಿವ್. ಆರ್‌ಎಚ್ ನೆಗೆಟಿವ್ ಇರುವವರು ಯುರೋಪಿನ ಅರಸುಮನೆತನಗಳ ವಂಶಸ್ಥರೆಂದೂ, ‘ನೀಲಿ ರಕ್ತ’ ಎಂಬ ಮಾತು ಹುಟ್ಟಿದ್ದೇ ಇದರಿಂದೆಂದೂ ಹೇಳುವ ವಿಡಿಯೊವೊಂದು ನಮ್ಮ ಮನೆಯವರ ವಾಟ್ಸ್ಆ್ಯಪ್ ಬಳಗದಲ್ಲಿ ಸುತ್ತುತ್ತಿದೆ. ಇದರಲ್ಲಿ ಹುರುಳಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಇತಿಹಾಸಾಸಕ್ತ):
ಹುರುಳಿಲ್ಲ. ‘ನೀಲಿ ರಕ್ತ’ ಎಂಬುದು ಸ್ಪೇನಿನ ಕ್ಯಾಸ್ಟೀಲ್ ಪ್ರಾಂತದ ಕುಲೀನರ ಜಂಬದ ಮಾತು. ಸ್ಪೇನನ್ನು ಆಳಿದ್ದ ಮುಸ್ಲಿಮರಾದ ‘ಮೂರ್’ ಜನರೊಂದಿಗಾಗಲಿ ಯಹೂದಿಗಳೊಂದಿಗಾಗಲಿ ತಮ್ಮ ಕುಲ ಬೆರೆತಿಲ್ಲವೆಂದು ಸಾರಲು ಅವರು ಬಿಳಿಚರ್ಮದಡಿ ಎದ್ದು ಕಾಣುವ ನೀಲಿ ನರಗಳನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ್ದು 1901ರಲ್ಲಿ, ರಕ್ತ ಪಾಸಿಟಿವೋ ನೆಗೆಟಿವೋ ಎಂದು ಹೇಳುವ ಆರ್‌ಎಚ್ ಅಂಶ ಬೆಳಕಿಗೆ ಬಂದದ್ದು 1940ರಲ್ಲಿ. ಅಷ್ಟು ಹೊತ್ತಿಗೆ ಆ ಮಾತು ಹಳಸಿಹೋಗಿತ್ತು. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 15 ಮಂದಿ ನೆಗೆಟಿವ್ ಇದ್ದಾರೆ. ಅಷ್ಟೂ ಜನರಿಗೆ ಕಿರೀಟ ಮಾಡಿಸಹೊರಟರೆ ಅಕ್ಕಸಾಲಿಗರಿಗೆ ಪುರಸೊತ್ತೇ ಸಿಗದು. ನೆಗೆಟಿವ್ ಇರುವವರ ಪ್ರಮಾಣ ಅತಿ ಹೆಚ್ಚಾಗಿರುವುದು ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಜನರಲ್ಲಿ, ಅಂದರೆ ಬಹುಕಾಲ ಕುರಿ ಕಾಯುತ್ತ, ಮೀನು ಹಿಡಿಯುತ್ತ ಬದುಕಿದ ಸಮುದಾಯದಲ್ಲಿ.

ಅರಸುಮನೆತನಗಳಿಗೆ ನಿಜವಾಗಿ ಅಂಟಿಕೊಂಡದ್ದು ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ತೀರಿಕೊಂಡದ್ದು ಅದರ ದೆಸೆಯಿಂದಲೇ. ಆಕೆಯ ಹೆಣ್ಣುಮಕ್ಕಳ ಮೂಲಕ ಅದು ರಷ್ಯಾದ ಯುವರಾಜ ಅಲೆಕ್ಸಿಯವರೆಗೂ ಹೋಯಿತು. ಆದರೆ ಅದು ರೋಗ, ರಕ್ತದ ಗುಂಪಲ್ಲ.

ಉತ್ತರ (ರಕ್ತನಿಧಿಯ ತಂತ್ರಜ್ಞೆ):
ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ನಿಜವಾಗಿ ಅಪರೂಪವೆನ್ನಬೇಕಾದದ್ದು 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪು. ರಕ್ತಕಣದ ಮೇಲಿನ ಗುರುತುಗಳಾದ ಎ, ಬಿ ಆ್ಯಂಟಿಜನ್‌ಗಳಿಗೆ ಬುನಾದಿಯಾದ, ಒ ಗುಂಪಿನವರಲ್ಲಿಯೂ ಇರುವ ಎಚ್ ಆ್ಯಂಟಿಜನ್ ಇವರ ರಕ್ತಕಣಗಳಲ್ಲಿ ಇರುವುದಿಲ್ಲವಾದ್ದರಿಂದ, ಮೊದಲ ಪರೀಕ್ಷೆಯಲ್ಲಿ ಇವರು ಒ ಗುಂಪಿನವರಂತೆಯೇ ಕಾಣುತ್ತಾರೆ. ಇವರ ಸೀರಮ್ಮಿಗೆ (ರಕ್ತದ ತಿಳಿಭಾಗಕ್ಕೆ) ಒ ಗುಂಪಿನ ಕಣಗಳನ್ನು ಬೆರೆಸಿ, ಕೊಳವೆಯನ್ನು ತಿರುಗಿಸಿ ತೆಗೆದಾಗ, ಬಿಡಿಬಿಡಿಯಾಗಿ ಹರಡಬೇಕಾದ ಕಣಗಳು ಮುದ್ದೆಯಾಗಿ ತಳದಿಂದ ಏಳುತ್ತವೆ. ಗುಟ್ಟು ರಟ್ಟಾಗುವುದು ಅಲ್ಲಿಯೇ. ಇವರಿಗೆ ಬಾಂಬೆ ಗುಂಪಿನವರ ರಕ್ತವನ್ನು ಮಾತ್ರ ಕೊಡಬಹುದು. ದಾವಣಗೆರೆಯಿಂದ ಮ್ಯಾನ್ಮಾರಿನ ರೋಗಿಯೊಬ್ಬರಿಗೆ ಇಂಥ ರಕ್ತ ಹೋದದ್ದುಂಟು.

ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದರಷ್ಟೇ ಈ ಗುಂಪು ಕಾಣಿಸಿಕೊಳ್ಳುವುದರಿಂದ, ರಕ್ತಸಂಬಂಧದಲ್ಲಿ ಮದುವೆ ನಡೆಯುವ ಕಡೆ ಅದರ ಸಾಧ್ಯತೆ ಹೆಚ್ಚು. ಅರಸರು ಅರಸರಲ್ಲಿಯೇ ಹೆಣ್ಣು ತಂದರೆಂಬುದು ನಿಜ, ಆದರೆ ನಮ್ಮಲ್ಲಿ ಅಕ್ಕನ ಮಗಳನ್ನು ತರುವ ಪದ್ಧತಿ ಬೇಸಾಯದ ಮನೆಗಳಲ್ಲಿಯೂ ಇದೆಯಲ್ಲ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನನ್ನ ತಂಗಿಯೂ ನೆಗೆಟಿವ್, ಈಗ ಗರ್ಭಿಣಿ, ಭಾವ ಪಾಸಿಟಿವ್. ಆಕೆ ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ (ರಕ್ತನಿಧಿಯ ತಂತ್ರಜ್ಞೆ):
ಇದೆ. ಮಗು ಪಾಸಿಟಿವ್ ಆಗಿದ್ದರೆ ತಾಯಿಯ ದೇಹದಲ್ಲಿ ಅದರ ರಕ್ತಕಣಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿ ಮುಂದಿನ ಬಸಿರಿಗೆ ತೊಂದರೆಯಾಗಬಹುದು. ಇದನ್ನು ತಡೆಯಲು ಸಾಮಾನ್ಯವಾಗಿ 28ನೆಯ ವಾರದ ಸುಮಾರಿಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ, ಮಗು ಪಾಸಿಟಿವ್ ಎಂದು ಕಂಡುಬಂದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ. ತಂಗಿಯವರು ತಮ್ಮ ಗುಂಪನ್ನು ಪ್ರಸೂತಿ ವೈದ್ಯರಿಗೆ ಈಗಲೇ ತಿಳಿಸಲಿ.