ಪಿಎಸ್‌ಎ 6.2 ಬಂದಿದೆ, ಕ್ಯಾನ್ಸರ್ ಇರಬಹುದೇ? ಮೂತ್ರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ, 64 ವರ್ಷ): ಡಾಕ್ಟರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ಕಳೆದ ತಿಂಗಳು ಚಳಿಜ್ವರ, ಉರಿಮೂತ್ರ ಬಂದು ಒಂದು ವಾರ ಆಂಟಿಬಯೋಟಿಕ್ ತೆಗೆದುಕೊಂಡಿದ್ದೆ. ಅದು ಮುಗಿದ ಎರಡು ವಾರಕ್ಕೆ ಮಗಳ ಒತ್ತಾಯದಿಂದ ಪೂರ್ಣ ತಪಾಸಣೆ ಮಾಡಿಸಿದಾಗ ಪಿಎಸ್‌ಎ 6.2 ಎಂದು ಬಂದಿದೆ. ಲ್ಯಾಬ್‌ನವರು ಆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಪಕ್ಕದಲ್ಲಿ 0ಯಿಂದ 4 ಎಂಬ ಮಿತಿಯನ್ನು ಕೊಟ್ಟಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 56 ಸಿಸಿ ಎಂದಿದೆ. ಬೇರೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ಕೂಡಲೇ ಬಯಾಪ್ಸಿ ಮಾಡಿಸಬೇಕೇ?

ಉತ್ತರ: ನಮಸ್ಕಾರ ಸರ್. ಕೂಡಲೇ ಬೇಡ, ಹಾಗೆಂದು ಈ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯುವುದೂ ಬೇಡ.

ಪಿಎಸ್‌ಎ ಎಂಬುದು ವೀರ್ಯವನ್ನು ತೆಳುವಾಗಿಸಲು, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ಅದರ ಅತ್ಯಲ್ಪ ಭಾಗ ರಕ್ತಕ್ಕೆ ಸೇರುತ್ತದೆ, ಲ್ಯಾಬ್ ಅಳೆಯುವುದು ಅದನ್ನೇ. ವಯಸ್ಸಿನೊಂದಿಗೆ ಗ್ರಂಥಿ ದೊಡ್ಡದಾದರೆ, ಅದಕ್ಕೆ ಸೋಂಕು ತಗುಲಿದರೆ, ಮೂತ್ರ ಕಟ್ಟಿ ಕ್ಯಾತಿಟರ್ ಹಾಕಿಸಿದ್ದರೆ ಅಥವಾ ಕ್ಯಾನ್ಸರ್ ಇದ್ದರೆ, ಈ ಎಲ್ಲ ಸಂದರ್ಭಗಳಲ್ಲಿಯೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಏರಿಕೆಗೆ ಇವುಗಳಲ್ಲಿ ಯಾವುದು ಕಾರಣವೆಂದು ಸಂಖ್ಯೆಯೊಂದೇ ಹೇಳಲಾರದು. 4ರಿಂದ 10ರ ನಡುವೆ ಬಂದವರಿಗೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಸಣ್ಣ ಚೂರುಗಳನ್ನು ತೆಗೆದು ಮಾಡುವ ಪರೀಕ್ಷೆ) ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಕಂಡುಬರುತ್ತದೆ.

ನಿಮ್ಮ ಪರೀಕ್ಷೆ ನಡೆದ ಸಮಯವೇ ಸರಿಯಾದುದಲ್ಲ. ಚಳಿಜ್ವರದೊಂದಿಗೆ ಮೂತ್ರದ ಸೋಂಕು ಬಂದಾಗ ಗಂಡಸರಲ್ಲಿ ಪ್ರಾಸ್ಟೇಟ್ ಕೂಡ ಬಾಧಿತವಾಗಿರುವುದು ಸಾಮಾನ್ಯ, ಮತ್ತು ಉರಿ ನಿಂತ ಮೇಲೂ ಪಿಎಸ್‌ಎ ಕೆಳಗಿಳಿಯಲು ವಾರಗಳೇ ಬೇಕಾಗುತ್ತವೆ. ಎರಡನೆಯದಾಗಿ, ಸಾಮಾನ್ಯವಾಗಿ 20ರಿಂದ 25 ಸಿಸಿ ಇರುವ ಗ್ರಂಥಿ ನಿಮ್ಮಲ್ಲಿ 56 ಆಗಿದೆ. ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿದರೆ 0.11 ಬರುತ್ತದೆ, ಈ ಸಾಂದ್ರತೆ 0.15ನ್ನು ದಾಟಿದಾಗ ನಮ್ಮ ಅನುಮಾನ ಗಟ್ಟಿಯಾಗುತ್ತದೆ. ಆದ್ದರಿಂದ ಮೂತ್ರದ ಕಲ್ಚರ್ ಮಾಡಿಸಿ ಸೋಂಕು ಪೂರ್ತಿ ಹೋಗಿದೆಯೆಂದು ಖಚಿತಪಡಿಸಿಕೊಂಡು, ಸೋಂಕು ಗುಣವಾದ 6ರಿಂದ 8 ವಾರಗಳ ನಂತರ ಅದೇ ಲ್ಯಾಬ್‌ನಲ್ಲಿ ಮತ್ತೆ ಪಿಎಸ್‌ಎ ಮಾಡಿಸಿ. ಅದಕ್ಕೆ ಮುಂಚಿನ ಎರಡು ದಿನ ಸಂಭೋಗವಾಗಲಿ ದೂರದ ಸೈಕಲ್ ಸವಾರಿಯಾಗಲಿ ಬೇಡ. ಈ ನಡುವೆ ಮೂತ್ರರೋಗ ತಜ್ಞರೊಬ್ಬರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡಬೇಕು. ಬಹಳ ಮಂದಿ ಸಂಕೋಚದಿಂದ ಇದನ್ನು ತಪ್ಪಿಸಿಕೊಳ್ಳುತ್ತಾರೆ, ಆದರೆ ಅರ್ಧ ನಿಮಿಷದ ಆ ಪರೀಕ್ಷೆಯಲ್ಲಿ ಗಟ್ಟಿಯಾದ ಗಂಟು ಸಿಕ್ಕಿದರೆ ಪಿಎಸ್‌ಎ ಎಷ್ಟೇ ಇದ್ದರೂ ಮುಂದುವರಿಯಬೇಕಾಗುತ್ತದೆ. ಮರುಪರೀಕ್ಷೆಯಲ್ಲಿಯೂ ಸಂಖ್ಯೆ ಇಳಿಯದಿದ್ದರೆ ಮುಂದಿನದು ಪ್ರಾಸ್ಟೇಟ್‌ನ ಎಂಆರ್‌ಐ. ಬಯಾಪ್ಸಿಯ ಮಾತು ಅದರ ನಂತರ.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮ ತಂದೆಯವರಿಗೆ 69 ವರ್ಷ, ಪಿಎಸ್‌ಎ 3.1. ಮಿತಿಯೊಳಗೇ ಇರುವುದರಿಂದ ನಾವು ನಿಶ್ಚಿಂತೆಯಾಗಿರಬಹುದಲ್ಲವೇ? ಎರಡು ವರ್ಷಗಳಿಂದ ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟೆರೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ಶುರು ಮಾಡುವ ಮೊದಲು 3.6 ಇತ್ತು, ಕಳೆದ ವರ್ಷ 1.7 ಬಂದಿತ್ತು.

ಉತ್ತರ: ಹಳೆಯ ಅಂಕಿಗಳನ್ನು ಕೊಟ್ಟಿದ್ದು ಒಳ್ಳೆಯದಾಯಿತು, ಏಕೆಂದರೆ ಮೇಲಿನವರಿಗಿಂತ ನಿಮ್ಮ ತಂದೆಯವರ ವಿಷಯದಲ್ಲಿ ನಾನು ಹೆಚ್ಚು ಅವಸರಪಡುತ್ತೇನೆ. ಹಿಗ್ಗಿದ ಪ್ರಾಸ್ಟೇಟನ್ನು ಕುಗ್ಗಿಸುವ ಡುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡನ್ನು ಸುಮಾರು 6 ತಿಂಗಳು ನಿಯಮಿತವಾಗಿ ತೆಗೆದುಕೊಂಡಾಗ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ; 3.6 ಇದ್ದದ್ದು 1.7 ಆದದ್ದು ಇದೇ ಕಾರಣಕ್ಕೆ. ಆದ್ದರಿಂದ ಈಗಿನ 3.1ನ್ನು ಎರಡರಿಂದ ಗುಣಿಸಿ ಓದಬೇಕು, ಆಗ ಅದೂ 6.2 ಆಗುತ್ತದೆ. ಮಾತ್ರೆ ನಡೆಯುತ್ತಿರುವಾಗಲೇ ತಳಮಟ್ಟದಿಂದ ಮೇಲೇರಿರುವುದು ಇನ್ನೂ ಮುಖ್ಯವಾದ ಸಂಗತಿ. ಮೊದಲು ಕೇಳಬೇಕಾದದ್ದು, ಅವರು ಮಾತ್ರೆಯನ್ನು ನಡುವೆ ಬಿಟ್ಟಿದ್ದರೇ ಎಂಬುದು. ಬಿಟ್ಟಿಲ್ಲವಾದರೆ, ಮೂತ್ರದ ಸೋಂಕೂ ಇಲ್ಲವಾದರೆ, ಪಿಎಸ್‌ಎಯನ್ನು ಮತ್ತೊಮ್ಮೆ ಮಾಡಿಸಿ ಏರಿಕೆ ನಿಜವೆಂದು ತಿಳಿದೊಡನೆ ಎಂಆರ್‌ಐಗೆ ಹೋಗಿ. ಲ್ಯಾಬ್‌ನ ಯಂತ್ರಕ್ಕೆ ರೋಗಿಯ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ, ಅದು 4ಕ್ಕಿಂತ ಕಡಿಮೆ ಎಂದು ನೋಡಿ ನಾರ್ಮಲ್ ಎಂದುಬಿಡುತ್ತದೆ. ಕೂದಲು ಉದುರುವುದಕ್ಕೆಂದು ಫಿನಾಸ್ಟೆರೈಡ್ ನುಂಗುವವರೂ ಇದನ್ನು ವೈದ್ಯರಿಗೆ ಹೇಳಬೇಕು.

ಪ್ರಶ್ನೆ (ಮೈಸೂರು, 66 ವರ್ಷ): ಎಂಆರ್‌ಐಯಲ್ಲಿ ಪೈರಾಡ್ಸ್ 4 ಎಂದು ಬಂದು ಬಯಾಪ್ಸಿಗೆ ಹೇಳಿದ್ದಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂದು ಮನೆಯವರು ತಡೆಯುತ್ತಿದ್ದಾರೆ.

ಉತ್ತರ: ಆ ಭಯಕ್ಕಾಗಿ ಬಯಾಪ್ಸಿಯನ್ನು ಮುಂದೂಡಬೇಡಿ. ಪೈರಾಡ್ಸ್ 1ರಿಂದ 5ರವರೆಗಿನ ಅಳತೆ, 4 ಎಂದರೆ ಗಮನಿಸಬೇಕಾದ ಕ್ಯಾನ್ಸರ್ ಇರುವ ಸಂಭವ ಹೆಚ್ಚು ಎಂದರ್ಥ. ಬಯಾಪ್ಸಿಯಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಸೋಂಕು ಮತ್ತು ರಕ್ತಸ್ರಾವದ ಬಗ್ಗೆ. ಗುದನಾಳದ ಬದಲು ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಸೂಜಿ ಹಾಕಿದರೆ ಸೋಂಕಿನ ಅಪಾಯ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತದ ಬಣ್ಣ ಕಂಡರೆ ಗಾಬರಿ ಬೇಡ, ಆದರೆ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕ್ಯಾನ್ಸರ್ ಎಂದೇ ಬಂದರೂ ಎಲ್ಲವೂ ಒಂದೇ ಬಗೆಯದಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಉಗ್ರವೆಂದು ತಿಳಿಸುವ ಗ್ಲೀಸನ್ ಅಂಕ 6, ಅಂದರೆ ಕಡಿಮೆ ಉಗ್ರತೆಯದು, ಎಂದಾದರೆ ಬಹುಪಾಲು ಜನರಿಗೆ ಆಪರೇಷನ್ ಇಲ್ಲದೆ ನಿಯಮಿತ ನಿಗಾ ಸಾಕಾಗುತ್ತದೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪು ಮಾಡಿ ಸುಮಾರು 15 ವರ್ಷ ಗಮನಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ನಿಗಾದಲ್ಲಿದ್ದವರಲ್ಲಿ ರೋಗ ಬೇರೆಡೆ ಹರಡಿದ್ದು ಮಾತ್ರ ಹೆಚ್ಚಿತ್ತು, ಹಾಗಾಗಿ ನಿಗಾ ಎಂದರೆ ತಪ್ಪದೆ ಪರೀಕ್ಷೆಗೆ ಬರುವುದು ಎಂದೇ ತಿಳಿಯಬೇಕು.

ಪ್ರಶ್ನೆ (ಬೆಂಗಳೂರು, 46 ವರ್ಷ): ತಪಾಸಣೆಯ ಪ್ಯಾಕೇಜಿನಲ್ಲಿ ಪಿಎಸ್‌ಎ ಇದೆ. 78 ವರ್ಷದ ತಂದೆಗೂ ನನಗೂ ಮಾಡಿಸಲೇ? ತಂದೆಗೆ ಹೃದಯದ ಕಾಯಿಲೆ ಇದೆ, ಮೂತ್ರದ ತೊಂದರೆ ಏನೂ ಇಲ್ಲ. ನಮ್ಮಣ್ಣನಿಗೆ 52ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಸೋದರತ್ತೆಗೆ 45ರೊಳಗೆ ಸ್ತನ ಕ್ಯಾನ್ಸರ್ ಬಂದಿತ್ತು.

ಉತ್ತರ: ತಂದೆಯವರಿಗೆ ಬೇಡ. ಲಕ್ಷಣಗಳಿಲ್ಲದ ಆ ವಯಸ್ಸಿನಲ್ಲಿ, ಹೃದಯದ ಕಾಯಿಲೆಯೂ ಇರುವಾಗ, ಪರೀಕ್ಷೆಯಿಂದ ಲಾಭಕ್ಕಿಂತ ಅಲೆದಾಟವೇ ಹೆಚ್ಚು. ನೀವು ಮಾತ್ರ ಈಗಲೇ ಮಾಡಿಸಿ. ಅಣ್ಣ ಮತ್ತು ಸೋದರತ್ತೆ ಇಬ್ಬರಿಗೂ ಚಿಕ್ಕ ವಯಸ್ಸಿನಲ್ಲೇ ಬಂದಿರುವುದರಿಂದ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷ ಕುಟುಂಬದಲ್ಲಿ ಇರಬಹುದೇ ಎಂದು ವಿಚಾರಿಸಬೇಕು. ಅದರ ಪರೀಕ್ಷೆಯನ್ನು ಮೊದಲು ಅಣ್ಣನವರಿಗೆ ಮಾಡಿಸುವುದು ಸರಿ. ಅವರಲ್ಲಿ ದೋಷ ಕಂಡುಬಂದರೆ ನೀವು ಮಾತ್ರವಲ್ಲ, ನಿಮ್ಮ ಅಕ್ಕತಂಗಿಯರೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.