ಆರು ಮಾತ್ರೆ ಇಟ್ಟರೂ ತುರಿಕೆ ವಾಪಸ್ ಬರುತ್ತದೆ: ತಪ್ಪುವುದೆಲ್ಲಿ?

ಪ್ರಶ್ನೆ | ಕೈಪಿಡಿ ತಂಡ

ಆಶಾ ಕಾರ್ಯಕರ್ತೆಯರಿಗಾಗಿ ಯೋನಿಯ ಯೀಸ್ಟ್ ಸೋಂಕಿನ ಬಗ್ಗೆ ಎರಡು ಪುಟದ ಕೈಪಿಡಿ ತಯಾರಾಗುತ್ತಿದೆ. ಬಿಳಿ ಸೆರಗು, ತುರಿಕೆ ಎಂದು ಹೇಳಿಕೊಳ್ಳುವ ಹೆಂಗಸರಲ್ಲಿ ಬಹಳ ಮಂದಿ ಆಗಲೇ ಮೆಡಿಕಲ್ ಸ್ಟೋರಿನಿಂದ ಕ್ಲೋಟ್ರಿಮಜೋಲ್ ಮಾತ್ರೆ ತಂದು ಇಟ್ಟುಕೊಂಡಿರುತ್ತಾರೆ. "ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಶುರುವಾಯ್ತು" ಎನ್ನುತ್ತಾರೆ. 100 ಮಿ.ಗ್ರಾಂ.ನ ಆರು ಮಾತ್ರೆ, 200ರ ಮೂರು, 500ರ ಒಂದು, ನುಂಗುವ ಫ್ಲುಕೊನಜೋಲ್ 150, ಇವುಗಳಲ್ಲಿ ಯಾವುದು ಮೇಲು? ಒಳಗಿಡುವ ಕ್ರಮವನ್ನು ಹೇಗೆ ಹೇಳಿಕೊಡಬೇಕು? ಮರಳಿ ಬಂದರೆ ಅದೇ ಔಷಧಿ ಕೊಡಬಹುದೇ?

ಉತ್ತರ 1 | ಹೊರರೋಗಿ ವಿಭಾಗ, ಸ್ತ್ರೀರೋಗ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸಾಧಾರಣ ಸೋಂಕಿಗೆ ನಾಲ್ಕೂ ಹೆಚ್ಚುಕಡಿಮೆ ಒಂದೇ. ಕೋರ್ಸ್ ಮುಗಿಸಿದವರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ವಾಸಿಯಾಗುತ್ತದೆ. ಹಾಗಾಗಿ ಯಾರಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಆರಿಸಬೇಕು. ಮುಟ್ಟಿಗೆ ಮೂರೇ ದಿನ ಉಳಿದಿರುವವಳಿಗೆ ಆರು ದಿನದ ಕೋರ್ಸ್ ಕೊಟ್ಟರೆ ಅರ್ಧ ಔಷಧಿ ಮುಟ್ಟಿನ ಜೊತೆ ಕೊಚ್ಚಿಹೋಗುತ್ತದೆ. ಅವಳಿಗೆ 500ರ ಒಂದೇ ಮಾತ್ರೆ ಇಲ್ಲವೇ ನುಂಗುವ ಮಾತ್ರೆ ಸರಿ. ಬಸುರಿಗೆ ಮಾತ್ರ ಆಯ್ಕೆಯೇ ಇಲ್ಲ: ಒಳಗಿಡುವ ಔಷಧಿ, ಅದೂ ಏಳು ದಿನ. ಫ್ಲುಕೊನಜೋಲ್ ನುಂಗಬಾರದು.

ಎಡವುವುದು ಹೆಚ್ಚಾಗಿ ಇಡುವ ಕ್ರಮದಲ್ಲಿ. ರಾತ್ರಿ ಎಲ್ಲ ಕೆಲಸ ಮುಗಿದು ಮಲಗುವಾಗ ಇಡಬೇಕು. ಇಟ್ಟು ಎದ್ದು ಓಡಾಡಿದರೆ ಮಾತ್ರೆ ಕೆಳಗೆ ಜಾರುತ್ತದೆ. ಕೈ ತೊಳೆದು, ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಮಾತ್ರೆಯನ್ನು ಒಂದು ಕ್ಷಣ ನೀರಿಗೆ ತಾಗಿಸಿ, ಬೆರಳು ಹೋಗುವಷ್ಟು ಒಳಗೆ, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಬೇಕು. ನೀರು ತಾಗಿಸುವುದು ಯಾಕೆಂದರೆ ಅದು ಒಣ ಮಾತ್ರೆ, ಕರಗಲು ತೇವ ಬೇಕು. ಮುಟ್ಟು ನಿಂತವರಲ್ಲಿ ಒಳಗೆ ಒಣಗಿರುವುದರಿಂದ ಎಷ್ಟೋ ಸಲ ಬೆಳಿಗ್ಗೆ ಅರೆಬರೆ ಮಾತ್ರೆಯೇ ಹೊರಗೆ ಬಂದಿರುತ್ತದೆ. ಅಂಥವರಿಗೆ ಕ್ರೀಮು ಅಥವಾ ಮೆತ್ತನೆಯ ಕ್ಯಾಪ್ಸೂಲು ವಾಸಿ.

ಬೆಳಿಗ್ಗೆ ಬಟ್ಟೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಔಷಧಿಯ ಶೇಷ. ಅದನ್ನೇ "ಇನ್ನೂ ಬಿಳುಪು ಹೋಗ್ತಿದೆ" ಎಂದುಕೊಂಡು ಹೊಸ ಸ್ಟ್ರಿಪ್ ಕೊಳ್ಳುವವರಿದ್ದಾರೆ. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ. ತುರಿಕೆ ಎರಡು-ಮೂರು ದಿನದಲ್ಲಿ ತಗ್ಗುತ್ತದೆ, ಉಳಿದ ಮೂರು ಮಾತ್ರೆ ಕಪಾಟು ಸೇರುತ್ತವೆ. ನಾಲ್ಕು ದಿನ ಚೆನ್ನಾಗಿದ್ದು ಮರಳುವ ಕಥೆ ಬಹಳ ಸಲ ಇಷ್ಟೇ.

ಹೊರಗಿನ ಚರ್ಮಕ್ಕೆ ಕ್ಲೋಟ್ರಿಮಜೋಲ್ 1% ಕ್ರೀಮು ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚಿದರೆ ಸಾಕು. ಎಣ್ಣೆ ಅಂಶದ ಕ್ರೀಮು ಕಾಂಡೋಮಿನ ರಬ್ಬರನ್ನು ದುರ್ಬಲಗೊಳಿಸುತ್ತದೆ ಎಂಬುದನ್ನೂ ಕೈಪಿಡಿಯಲ್ಲಿ ಹಾಕಿ.

ಉತ್ತರ 2 | ಔಷಧಿ ಕೌಂಟರ್

ಕ್ರೀಮಿನ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಹುಳುಕಡ್ಡಿಗೆಂದು ಮನೆಯಲ್ಲಿ ಇಟ್ಟುಕೊಂಡ "ಮಿಕ್ಸ್" ಟ್ಯೂಬುಗಳನ್ನೇ ಇಲ್ಲಿಗೂ ಹಚ್ಚುತ್ತಾರೆ. ಅವುಗಳಲ್ಲಿ ಫಂಗಸ್ ಔಷಧಿಯ ಜೊತೆ ಕ್ಲೋಬೆಟಸಾಲ್‌ನಂಥ ಬಲವಾದ ಸ್ಟೀರಾಯ್ಡ್ ಇರುತ್ತದೆ. ಒಂದೇ ದಿನದಲ್ಲಿ ಉರಿ ಮಾಯ. ಆದರೆ ಸ್ಟೀರಾಯ್ಡ್ ಅಲ್ಲಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ತೆಳು ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಬಿಟ್ಟ ಕೂಡಲೇ ತುರಿಕೆ ಎರಡರಷ್ಟಾಗಿ ಬರುತ್ತದೆ. ಟ್ಯೂಬಿನ ಮೇಲಿನ ಹೆಸರಿಗಿಂತ ಹಿಂದಿನ ಸಣ್ಣ ಅಕ್ಷರ ಓದಲು ಕಲಿಸಿ.

ಫ್ಲುಕೊನಜೋಲ್ ಒಂದು ಸಲ ನುಂಗಿದರೆ ಯೋನಿಯ ಅಂಗಾಂಶದಲ್ಲಿ ಮೂರು ದಿನವಾದರೂ ಕೆಲಸ ಮಾಡುತ್ತಿರುತ್ತದೆ. ಮರುದಿನವೇ ಕಡಿಮೆಯಾಗಲಿಲ್ಲವೆಂದು ಇನ್ನೊಂದು ನುಂಗುವುದು ಬೇಡ. ಊತ, ಬಿರುಕು ಜೋರಾಗಿದ್ದರೆ ವೈದ್ಯರು ಎರಡನೆಯದನ್ನು 72 ಗಂಟೆ ಬಿಟ್ಟು ಕೊಡುತ್ತಾರೆ. ಕೊಡುವ ಮುಂಚೆ ಬೇರೆ ಮಾತ್ರೆಗಳನ್ನು ಕೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುವವರಲ್ಲಿ ಸಕ್ಕರೆ ಒಮ್ಮೆಲೇ ಕುಸಿಯುವ ಅಪಾಯ.

ಉತ್ತರ 3 | ಲ್ಯಾಬ್ ಬೆಂಚು

ಇದುವರೆಗಿನ ಉತ್ತರಗಳೆಲ್ಲ ಅದು ಯೀಸ್ಟೇ ಎಂದು ಒಪ್ಪಿಕೊಂಡ ಮೇಲಿನ ಮಾತು. ನನ್ನ ತಕರಾರು ಅಲ್ಲೇ.

ಯೀಸ್ಟ್ ಆದರೆ ತುರಿಕೆ, ಉರಿ ಮುಂದೆ, ಸ್ರಾವ ಹಿಂದೆ. ಸ್ರಾವ ಒಡೆದ ಮೊಸರಿನಂತೆ ಗಟ್ಟಿ, ವಾಸನೆ ಹೆಚ್ಚೇನಿಲ್ಲ. ಬೂದು ಛಾಯೆಯ ತೆಳು ಸ್ರಾವ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಲ್ ವೆಜಿನೋಸಿಸ್ ಇರಬಹುದು. ಹಳದಿ-ಹಸಿರು, ನೊರೆನೊರೆಯಾಗಿದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ಸೋಂಕು. ಈ ಎರಡಕ್ಕೂ ಕ್ಲೋಟ್ರಿಮಜೋಲ್ ಮದ್ದಲ್ಲ. ಇದು ಪಾಠದ ಚಿತ್ರ. ಎರಡು ಬೆರೆತಿರುವ ಪ್ರಕರಣಗಳು ಬೇಕಾದಷ್ಟಿವೆ, ಕಣ್ಣಂದಾಜು ಆಗಾಗ ಕೈಕೊಡುತ್ತದೆ.

ಅಗ್ಗದ ಪರೀಕ್ಷೆ ಪಿಎಚ್ ಪಟ್ಟಿ, ಅಂದರೆ ಆಮ್ಲೀಯತೆ ಅಳೆಯುವ ಕಾಗದ. ಯೋನಿಯ ಪಕ್ಕದ ಗೋಡೆಗೆ ತಾಗಿಸಬೇಕು. ಯೀಸ್ಟ್ ಇದ್ದರೂ ಪಿಎಚ್ ಸಾಮಾನ್ಯವಾಗಿ 4.5 ದಾಟುವುದಿಲ್ಲ, ಮಿಕ್ಕೆರಡರಲ್ಲಿ ದಾಟುತ್ತದೆ. ಮುಟ್ಟಿನ ರಕ್ತ ಅಥವಾ ವೀರ್ಯ ಸೇರಿದ್ದರೆ ಓದು ಸುಳ್ಳಾಗುತ್ತದೆ. ಆಮೇಲೆ ಸ್ರಾವವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಲೈಡು: ಒಂದು ಹನಿ ಸಲೈನ್, ಇನ್ನೊಂದು ಹನಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಎರಡನೆಯದು ದೇಹದ ಕೋಶಗಳನ್ನು ಕರಗಿಸಿ ಫಂಗಸ್ಸಿನ ಮೊಗ್ಗುಗಳನ್ನೂ ನೂಲುಗಳನ್ನೂ ಎದ್ದು ಕಾಣಿಸುತ್ತದೆ. ಸ್ಲೈಡಿನಲ್ಲಿ ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ, ನಿಜವಾದ ಪ್ರಕರಣಗಳೂ ಸಾಕಷ್ಟು ತಪ್ಪಿಹೋಗುತ್ತವೆ. ಲಕ್ಷಣ ಮುಂದುವರಿದಿದ್ದರೆ ಸ್ವಾಬ್ (ಹತ್ತಿಕಡ್ಡಿಯಲ್ಲಿ ತೆಗೆದ ಸ್ರಾವ) ಕಲ್ಚರಿಗೆ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಹೋಗಬೇಕು, ಯಾವ ಜಾತಿಯ ಕ್ಯಾಂಡಿಡಾ (ಈ ಸೋಂಕಿನ ಯೀಸ್ಟ್) ಎಂದು ಕೇಳಿ ಬರೆಸಬೇಕು. ಹೆಚ್ಚಿನವು ಅಲ್ಬಿಕನ್ಸ್. ಗ್ಲಾಬ್ರಾಟಾ ಬಂದರೆ ಅದು ನೂಲು ಬಿಡುವುದಿಲ್ಲ, ಬರೀ ಮೊಗ್ಗು. ಫ್ಲುಕೊನಜೋಲಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಿನ್ನೆ ತನಕ ಕ್ರೀಮು ಹಚ್ಚಿ ಇವತ್ತು ಸ್ವಾಬ್ ಕೊಟ್ಟರೆ ಏನೂ ಬೆಳೆಯದೆ ಹೋಗಬಹುದು.

ಇದರ ಮಗುಚು ಮುಖವೂ ಇದೆ. ಯಾವ ತೊಂದರೆಯೂ ಇಲ್ಲದ ಹೆಂಗಸರಲ್ಲೂ ನೂರಕ್ಕೆ 10ರಿಂದ 20 ಮಂದಿಯ ಯೋನಿಯಲ್ಲಿ ಕ್ಯಾಂಡಿಡಾ ಇರುತ್ತದೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ) ವರದಿಯಲ್ಲಿ ಅದರ ಹೆಸರು ಕಂಡ ಮಾತ್ರಕ್ಕೆ ಔಷಧಿ ಬೇಡ.

ಕೈಪಿಡಿ ತಂಡ

ಪಿಎಚ್ ಪಟ್ಟಿ, ಮೈಕ್ರೋಸ್ಕೋಪ್ ಎಲ್ಲ ಕಡೆ ಸಿಗುವುದಿಲ್ಲ. ಪರೀಕ್ಷೆ ಆಗದ ಕಡೆ ಏನು ಮಾಡುವುದು? ಬೋರಿಕ್ ಪುಡಿಯ ಬಗ್ಗೆಯೂ ಕೇಳುತ್ತಾರೆ.

ಉತ್ತರ 4 | ಹೊರರೋಗಿ ವಿಭಾಗ, ಸ್ತ್ರೀರೋಗ

ಲ್ಯಾಬಿನವರ ತಕರಾರು ಒಪ್ಪತಕ್ಕದ್ದೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹಸಿರು ಬಣ್ಣದ ಕಿಟ್ 2 ಇರುವುದು ಇದಕ್ಕೇ. ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ ಮತ್ತು ಫ್ಲುಕೊನಜೋಲ್ 150 ಮಿ.ಗ್ರಾಂ. ಇರುತ್ತವೆ. ಮೊದಲನೆಯದು ವೆಜಿನೋಸಿಸ್, ಟ್ರೈಕೊಮೊನಾಸ್ ಎರಡಕ್ಕೂ, ಎರಡನೆಯದು ಯೀಸ್ಟಿಗೆ. ಪರೀಕ್ಷೆಯಿಲ್ಲದೆ ಲಕ್ಷಣ ನೋಡಿ ಕೊಡುವ ಪದ್ಧತಿ. ಉಚಿತ. ಬಸುರಿಯರಿಗೆ ಮಾತ್ರ ಈ ಕಿಟ್ ಹಾಗೇ ಕೊಡುವಂತಿಲ್ಲ.

ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎಂದು ಪರಿಗಣಿಸಿ, ಕಲ್ಚರ್ ಮಾಡಿಸಿ, ಉದ್ದದ ಚಿಕಿತ್ಸೆ ಕೊಡುತ್ತೇವೆ. ಫ್ಲುಕೊನಜೋಲ್ 150 ಮೊದಲನೆಯ, ನಾಲ್ಕನೆಯ, ಏಳನೆಯ ದಿನ, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಜೊತೆಗೆ ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಸಕ್ಕರೆ ಕಾಯಿಲೆ ಮೊದಲೇ ಇದ್ದರೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಹೊಸದಾಗಿ ಶುರುವಾಗಿದೆಯೇ ನೋಡಿ. ಆ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಯೀಸ್ಟಿಗೆ ಅದೇ ಹಬ್ಬ. ಹೆಂಗಸರು ತಾವಾಗಿಯೇ ಅದನ್ನು ನಿಲ್ಲಿಸಬಾರದು, ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಬೋರಿಕ್ ಆ್ಯಸಿಡ್ ನಿಜವಾಗಿ ಉಪಯೋಗಕ್ಕೆ ಬರುವುದು ಗ್ಲಾಬ್ರಾಟಾದಂಥ ಹಟಮಾರಿ ಜಾತಿಗೆ: 600 ಮಿ.ಗ್ರಾಂ. ಕ್ಯಾಪ್ಸೂಲು, ದಿನಕ್ಕೊಂದು ಒಳಗಿಟ್ಟು, ಮೂರು ವಾರ. ವೈದ್ಯರು ಬರೆದರೆ ಮಾತ್ರ. ಬಸುರಿಯರಿಗೆ ಸಲ್ಲ, ನುಂಗಿದರೆ ವಿಷ. ಕೇರಂ ಬೋರ್ಡಿಗೆ ಉದುರಿಸುವ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬುವ ಸಲಹೆ ಹರಿದಾಡುತ್ತಿದ್ದರೆ ದಯವಿಟ್ಟು ತಡೆಯಿರಿ.

ಗಂಡನಿಗೂ ಔಷಧಿ ಬೇಕೇ ಎಂದು ಕೇಳುತ್ತಾರೆ. ಅವನಿಗೆ ಕೆಂಪಾಗಿ ತುರಿಸುತ್ತಿದ್ದರೆ ಮಾತ್ರ, ಹಚ್ಚುವ ಕ್ರೀಮು. ಇದನ್ನು ಲೈಂಗಿಕ ರೋಗದ ಲೆಕ್ಕಕ್ಕೆ ಹಾಕಿ ಮನೆಯಲ್ಲಿ ಜಗಳ ಹುಟ್ಟಿಸಬೇಡಿ. ಉಷ್ಣದಿಂದ ಬಂತೆಂದು ಕಾಮಕಸ್ತೂರಿ ಬೀಜ ನೆನೆಸಿ ಕುಡಿದರೆ ಕೆಡುಕಿಲ್ಲ, ಆದರೆ ಫಂಗಸ್ ಅದರಿಂದ ಹೋಗುವುದಿಲ್ಲ. ಸೋಪು, ಆ್ಯಂಟಿಸೆಪ್ಟಿಕ್ ಬೆರೆಸಿದ ನೀರಿನಿಂದ ಒಳಗೆ ತೊಳೆಯುವುದು ಮಾತ್ರ ನೇರ ಹಾನಿ.

ಉತ್ತರ 5 | ಚರ್ಮರೋಗ

ವಯಸ್ಸು ಕೇಳುವುದನ್ನು ಮರೆಯಬೇಡಿ. ಮೈನೆರೆಯದ ಹುಡುಗಿಗೆ ಯೀಸ್ಟ್ ಬರುವುದು ಅಪರೂಪ. ರಾತ್ರಿ ಹೊತ್ತು ತುರಿಕೆ ಎಂದರೆ ಮೊದಲು ಜಂತುಹುಳು ನೆನಪಾಗಬೇಕು. ಮುಟ್ಟು ನಿಂತವಳಿಗೆ ಸಕ್ಕರೆ ಕಾಯಿಲೆಯೂ ಇಲ್ಲ, ಹಾರ್ಮೋನ್ ಮಾತ್ರೆಯೂ ಇಲ್ಲ, ಆದರೂ ವರ್ಷಗಟ್ಟಲೆ ತುರಿಕೆ, ಚರ್ಮ ಬೆಳ್ಳಗೆ ಸುಕ್ಕಾಗಿದೆ ಎಂದರೆ ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಇರಬಹುದು. ಅದಕ್ಕೆ ವೈದ್ಯರ ಉಸ್ತುವಾರಿಯಲ್ಲಿ ಕೊಡುವುದು ಮೇಲೆ ಬೇಡವೆಂದ ಅದೇ ಕ್ಲೋಬೆಟಸಾಲ್! ರೋಗ ಯಾವುದೆಂದು ಕಣ್ಣಾರೆ ನೋಡದೆ ಟ್ಯೂಬು ಕೊಡಬಾರದು ಎನ್ನುವುದು ಇದಕ್ಕೇ.

ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ಮುಟ್ಟಿಲ್ಲದ ವೇಳೆ ರಕ್ತ, ಇವುಗಳಲ್ಲಿ ಯಾವುದಿದ್ದರೂ ಅಂಗಡಿಯ ಮಾತ್ರೆ ಬೇಡ, ಅವತ್ತೇ ಆಸ್ಪತ್ರೆಗೆ ಕಳಿಸಿ. ಕೈಪಿಡಿಯ ಮೊದಲ ಪುಟದಲ್ಲೇ ಇದು ಇರಲಿ.