ಜೊತೆಗೆ ಓದುವವನ ಪ್ರಸಂಗ ಕೇಳಿದಾಗಲೆಲ್ಲ ನನ್ನ ಕರೆಯ ಮೇಲೇ ಅನುಮಾನ

ಎರಡನೇ ವರ್ಷದವನು:
ಎಲ್ಲರಿಗೂ ವಂದನೆ. ಬೈಬಲ್ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ, ಸಭಾಪಾಲಕನಾಗುವ (ಚರ್ಚಿನ ಪಾಸ್ಟರ್ ಆಗುವ) ಆಸೆ. ನನ್ನ ಕ್ಲಾಸಿನಲ್ಲಿ ಒಬ್ಬನಿದ್ದಾನೆ. ಕೈಯಲ್ಲಿ ಚೀಟಿ ಇಲ್ಲದೆ ಪ್ರಸಂಗ, ಅಂದರೆ ಬೈಬಲ್ ಉಪದೇಶ, ಮಾಡುತ್ತಾನೆ. ಯಾವ ವಚನಕ್ಕೂ ತಡಕಾಡುವುದಿಲ್ಲ. ಆಮೇಲೆ ನನ್ನ ಸರದಿ. ನನ್ನ ಕೈಲಿರುವ ಹಾಳೆ ನಡುಗುವ ಸದ್ದು ಮುಂದಿನ ಸಾಲಿನವರಿಗೂ ಕೇಳಿಸುತ್ತದೆ. ಬರೆದದ್ದನ್ನು ಓದಿ ಕೂತುಬಿಡುತ್ತೇನೆ.

ಅವನ ಮೇಲೆ ಸಿಟ್ಟಿಲ್ಲ, ಒಳ್ಳೆಯ ಹುಡುಗ. ಆದರೆ ಅವನು ಚೆನ್ನಾಗಿ ಮಾತಾಡಿದ ದಿನ ರಾತ್ರಿ ನನಗೆ ಪ್ರಾರ್ಥನೆಯೇ ಬರುವುದಿಲ್ಲ. ದೇವರು ನನ್ನನ್ನು ಈ ಸೇವೆಗೆ ನಿಜವಾಗಿ ಕರೆದನಾ, ಇಲ್ಲ ನಾನೇ ಹಾಗೆ ಅಂದುಕೊಂಡೆನಾ? ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 1ನೇ ಅಧ್ಯಾಯ ಗೊತ್ತು. ಮಾತು ಬಾರದು ಅಂದವನ ಬಾಯನ್ನು ದೇವರು ಮುಟ್ಟಿದ. ನನ್ನ ಬಾಯಿ ಹಾಗೇ ಇದೆ. ಇದನ್ನು ದಾಟಿದವರು ಹೇಳಿ, ಏನು ಮಾಡಿದಿರಿ?

ಹಳೆಯ ಸಭಾಪಾಲಕ:
ತಮ್ಮಾ, ಯೆರೆಮೀಯನ ಜೊತೆಗೆ, ಇಸ್ರಾಯೇಲ್ಯರನ್ನು ಬಿಡಿಸಲು ದೇವರು ಕರೆದ ಮೋಶೆಯನ್ನೂ ಓದು. ವಿಮೋಚನಕಾಂಡ 4ರಲ್ಲಿ ಅವನು ನಾಲಿಗೆ ಮಂದ ಅನ್ನುತ್ತಾನೆ. ದೇವರು ಆ ನಾಲಿಗೆ ಸರಿಮಾಡಿದ ಅಂತ ಎಲ್ಲೂ ಬರೆದಿಲ್ಲ. 6ನೇ ಅಧ್ಯಾಯದಲ್ಲೂ ಅವನು ಅದೇ ಮಾತು ಹೇಳುತ್ತಾನೆ. ಚೆನ್ನಾಗಿ ಮಾತಾಡುವವನು ಅವನ ಅಣ್ಣ ಆರೋನ, ಅವನನ್ನು ದೇವರು ಜೊತೆಗೆ ಕೊಟ್ಟ. ಆದರೆ ಕರೆ ಮೋಶೆಯದೇ ಆಗಿತ್ತು.

ಊರೂರಿಗೆ ಸುವಾರ್ತೆ ಸಾರಿದ ಅಪೊಸ್ತಲ ಪೌಲನನ್ನೂ ನೋಡು. ಅವನ ಮಾತಿಗೆ ಬೆಲೆಯೇ ಇಲ್ಲ ಅಂತ ಕೊರಿಂಥದಲ್ಲಿ ಕೆಲವರು ಆಡಿಕೊಂಡರು (2 ಕೊರಿಂಥ 10:10). ಅದೇ ಊರಿನವರು ಮಾತಿನಲ್ಲಿ ನಿಪುಣನಾದ ಅಪೊಲ್ಲೋಸ ಎಂಬ ಬೋಧಕನನ್ನು ಕೇಳಿದ್ದರು! ತ್ರೋವ ಎಂಬ ಊರಿನಲ್ಲಿ ಪೌಲ ನಡುರಾತ್ರಿವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಎಂಬ ಹುಡುಗ ನಿದ್ದೆಗೆ ಜಾರಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲ ಕೆಳಗಿಳಿದು ಹೋಗಿ ಆ ಹುಡುಗನನ್ನು ತಬ್ಬಿಕೊಂಡ. ನನಗೆ ಆ ಪ್ರಸಂಗಕ್ಕಿಂತ ಆ ಇಳಿದು ಹೋಗಿದ್ದೇ ಸೇವೆ ಅನಿಸುತ್ತದೆ.

ಸೇವೆಯಲ್ಲಿ ಪ್ರಸಂಗಪೀಠದ ಹೊತ್ತು ಕಡಿಮೆ. ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂತು 23ನೇ ಕೀರ್ತನೆ ಮೆಲ್ಲಗೆ ಓದುವಾಗ, ಮಾತೇ ನಿಂತುಹೋದ ರೋಗಿಯ ತುಟಿ ಜೊತೆಜೊತೆಗೆ ಅಲುಗುವುದನ್ನು ನೋಡಿದ್ದೇನೆ. ಅಲ್ಲಿ ಚೀಟಿ ನೋಡಿ ಓದಿದೆಯಾ ಅಂತ ಯಾರೂ ಕೇಳುವುದಿಲ್ಲ.

ಮೊದಲ ವರ್ಷದವಳು:
ಅಣ್ಣಾ, ನನಗೂ ಇದೇ ಕಾಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನ 21. “ನನ್ನ ಕುರಿಗಳನ್ನು ಮೇಯಿಸು” (ಅಂದರೆ ನನ್ನ ಜನರನ್ನು ನೋಡಿಕೋ) ಅಂತ ಕರ್ತನಾದ ಯೇಸು ಶಿಷ್ಯ ಪೇತ್ರನಿಗೆ ಆಗಷ್ಟೇ ಹೇಳಿದ್ದಾನೆ. ಅದಾಗಿ ಸ್ವಲ್ಪ ಹೊತ್ತೂ ಆಗಿಲ್ಲ, ಪೇತ್ರ ಹಿಂದೆ ತಿರುಗಿ ಇನ್ನೊಬ್ಬ ಶಿಷ್ಯ ಯೋಹಾನನನ್ನು ನೋಡಿ ಇವನ ಕಥೆ ಏನು ಅಂತ ಕೇಳುತ್ತಾನೆ. ಅಷ್ಟು ಸ್ಪಷ್ಟವಾಗಿ ಕರೆ ಕೇಳಿಸಿಕೊಂಡವನೇ ಪಕ್ಕಕ್ಕೆ ನೋಡಿದ. ಹಾಗಾದರೆ ಹೋಲಿಸಿಕೊಳ್ಳುವುದು ಕರೆ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ. ಯೇಸು ಅವನನ್ನು ಅದಕ್ಕಾಗಿ ಕೈಬಿಡಲಿಲ್ಲ. “ಅದರಿಂದ ನಿನಗೇನು? ನೀನು ನನ್ನನ್ನು ಹಿಂಬಾಲಿಸು” ಅಂದ, ಅಷ್ಟೇ.

ಯಾರನ್ನು ನೋಡಿ ಕುಗ್ಗುತ್ತೇನೋ ಅವರ ಹೆಸರು ಹೇಳಿ ಮೊದಲು ಪ್ರಾರ್ಥಿಸುತ್ತೇನೆ. ದೇವರು ಅವರಿಗೆ ಕೊಟ್ಟ ವರಕ್ಕಾಗಿ ಸ್ತೋತ್ರ, ಅವರ ಕಷ್ಟಕ್ಕಾಗಿ ಬೇಡಿಕೆ. ಶುರುವಿನಲ್ಲಿ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಡಬೇಡಿ.

ಓದಿಸುವವ:
ಮೇಲಿನದ್ದೆಲ್ಲ ಒಪ್ಪುತ್ತೇನೆ. ಆದರೆ ಕೈ ನಡುಗುವುದನ್ನೆಲ್ಲ ನಂಬಿಕೆಯ ಕೊರತೆ ಅಂದುಕೊಳ್ಳಬೇಡಿ. ಅದು ಸಭಾಕಂಪನ, ತುಂಬಾ ಜನರಿಗೆ ಇರುತ್ತದೆ. ಹಾಳೆ ಬದಲು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಪೀಠದ ಮೇಲೆ ಇಡಿ, ಕೈಲಿ ಹಿಡಿಯಬೇಡಿ. ಹಿಂದಿನ ದಿನ ಒಬ್ಬರನ್ನು ಕೂರಿಸಿಕೊಂಡು ಜೋರಾಗಿ ಹೇಳಿ. ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಪೌಲ ಇದನ್ನೇ ಹೇಳಿದ್ದು: ವರವನ್ನು ಅಲಕ್ಷ್ಯ ಮಾಡಬೇಡ, ನಿನ್ನ ಬೆಳವಣಿಗೆ ಎಲ್ಲರಿಗೂ ಕಾಣಲಿ (1 ತಿಮೊಥೆಯ 4). ಬೆಳೆದದ್ದು ಕಾಣಬೇಕಾದರೆ ಮೊದಲು ಕಡಿಮೆ ಇರಲೇಬೇಕು ಅಲ್ವಾ? ನಿಮ್ಮ ಗೆಳೆಯನನ್ನೇ ಕೇಳುಗನಾಗಿ ಕರೆಯಿರಿ.

ಎರಡನೇ ವರ್ಷದವನು:
ಎಲ್ಲರಿಗೂ ಧನ್ಯವಾದ. ಪೇತ್ರ ತಿರುಗಿ ನೋಡಿದ್ದನ್ನು ನಾನು ಈ ಕಣ್ಣಿನಿಂದ ಓದಿಯೇ ಇರಲಿಲ್ಲ. ತಂಗಿ, ಇವತ್ತು ರಾತ್ರಿ ಅವನ ಹೆಸರಿನಿಂದಲೇ ಶುರು ಮಾಡುತ್ತೇನೆ. ಅವನನ್ನು ಕೂರಿಸಿಕೊಂಡು ಹೇಳುವುದಕ್ಕೆ ಇನ್ನೂ ಸ್ವಲ್ಪ ಧೈರ್ಯ ಬೇಕು. ಅಯ್ಯನವರೇ, ನನ್ನಂಥ ವಿದ್ಯಾರ್ಥಿ ಸಭಾಪಾಲಕರ ಜೊತೆ ರೋಗಿಗಳನ್ನು ನೋಡಲು ಹೋಗಬಹುದಾ? ಹೇಗೆ ಕೇಳಿಕೊಳ್ಳಲಿ?